ಬರ್ತೇನೆ ಅನ್ನಬಾರದ ಅಂಗಡಿ

ಝುಬೈರ್, ಎದ್ದೇಳು ಮಾರಾಯ! ರಿಕ್ಷಾದಲ್ಲೇ ಮಲಗಿದ್ದೀಯಾ? ಏಳು. ಇವತ್ತು ನನಗೆ ಆದದ್ದು ಹೇಳಿದ್ರೆ ನೀನು ನಂಬುದಿಲ್ಲ. ನಾನೇ ನಂಬುದಿಲ್ಲ! ಆದ್ರೆ ಆದದ್ದು ಹೌದು... ಅಮ್ಮನ ಆಣೆ, ಆದದ್ದು ಹೌದು.

ಸ್ವಲ್ಪ ನೀರು ಕೊಡು. ಈಗ ಅಶ್ವತ್ಥಕಟ್ಟೆಯ ಬಾವಿ ದಾಟಿ ಬರುವಾಗ ಪುನಃ ಕೇಳಿತು. ಬಾವಿಯ ಒಳಗಿಂದ. ಸರ್ರ್... ಟಕ್. ಮರ ಮರಕ್ಕೆ ತಾಗುವ ಶಬ್ದ. ಬಾವಿಯೊಳಗೆ ಎಂತ ಮರ? ಹೆದರಿದ್ದೇನೆ ಅಂತ ಎಣಿಸಬೇಡ. ಇದು ಸಿಟ್ಟು.

ಮೊದಲಿಂದ ಹೇಳ್ತೇನೆ. ನಮ್ಮ ದೊಡ್ಡಪ್ಪನ ಮಗಳು ವಿಸ್ಮಿತಾ ಇದ್ದಾಳಲ್ಲ, ಮೂಡಬಿದ್ರೆ ಕಾಲೇಜಿಗೆ ಹೋಗುವವಳು. ಹಳೇ ಬಂಟ್ವಾಳ ಪೇಟೆಯ ಬಗ್ಗೆ ಪ್ರಾಜೆಕ್ಟ್ ಮಾಡ್ಲಿಕ್ಕೆ ಉಂಟಂತೆ. ಕ್ಯಾಮರಾ ಹಿಡ್ಕೊಂಡು ಬಂದ್ಲು. "ನಿತೇಶಣ್ಣ, ಅಜ್ಜನ ಅಂಗಡಿ ತೋರಿಸು."

ಆ ಅಂಗಡಿ ನಾನೇ ನೋಡಿಲ್ಲ! ಎಪ್ಪತ್ನಾಲ್ಕರ ದೊಡ್ಡ ನೆರೆ ಇಳಿದ ಮೇಲೆ ಅಜ್ಜ ಅದಕ್ಕೆ ಬೀಗ ಹಾಕಿ ಈ ವಾಮದಪದವಿಗೆ ಬಂದವರು ಮತ್ತೆ ಆ ಕಡೆ ತಲೆ ಹಾಕಿಲ್ಲ. ಆ ನೆರೆಯಲ್ಲೇ ಅಜ್ಜನ ತಮ್ಮ ಸಂಕಪ್ಪಜ್ಜ ತೀರಿಹೋದದ್ದು. ಅಂಗಡಿಯ ಹಿಂದೆ ಹೊಳೆಗೆ ಇಳಿಯುವ ಮೆಟ್ಟಿಲಲ್ಲಿ ಕಾಲು ಜಾರಿ. ಹಾಗಂತ ನಮಗೆ ಹೇಳಿದ್ದು. ವರ್ಷ ವರ್ಷ ಆಟಿ ತಿಂಗಳಲ್ಲಿ ಅವರ ಹೆಸರಿಗೆ ಎಲೆ ಹಾಕಿ ಬಡಿಸುದು, ಅಜ್ಜ ಆ ಎಲೆ ಎದುರು ಕೂತು ಅಳುದು, ನಾನು ಅಜ್ಜನ ಬೆನ್ನು ಉಜ್ಜುದು... ಥೂ!

ವಿಸ್ಮಿತಾ ಕೇಳಿದ್ರೆ ಅಜ್ಜ ಇಲ್ಲ ಅನ್ನುದಿಲ್ಲ. ಕೀ ಕೊಟ್ರು. ಕೊಟ್ಟು ನನ್ನ ಕೈ ಬಿಡ್ಲಿಲ್ಲ.

"ಅಲ್ಲಿಂದ ಹೊರಡುವಾಗ ಬರ್ತೇನೆ ಅನ್ಬೇಡ ಮಗ. ಹೋಗ್ತೇನೆ ಅನ್ನು."

ನನಗೆ ನಗೆ ಬಂತು. ಮನೆ ಬಿಡುವಾಗ ಹೋಗ್ತೇನೆ ಅಂದ್ರೆ ಬಾಯಿಗೆ ಪೆಟ್ಟು ಕೊಟ್ಟು ಬೆಳೆಸಿದವರು ಇವರೇ! "ಖಾಲಿ ಅಂಗಡಿಗೆ ಯಾರಾದ್ರೂ ಹೇಳ್ತಾರಾ ಅಜ್ಜ?" ಅಂದೆ. ಅಜ್ಜ ನಗ್ಲಿಲ್ಲ.

ಹೋದೆವು. ಮಟಮಟ ಮಧ್ಯಾಹ್ನ, ತಿಳೀತಾ? ದೆವ್ವ ರಾತ್ರಿಯೇ ಬರುದು ಅಂತ ಇನ್ನೊಮ್ಮೆ ಯಾರಾದ್ರೂ ಹೇಳ್ಲಿ ನನ್ನ ಹತ್ರ! ಬಸ್ಸೆಲ್ಲ ಬಿ.ಸಿ. ರೋಡಿನಲ್ಲೇ ಹೋಗುದಲ್ಲ, ಪೇಟೆ ನಿದ್ದೆಯಲ್ಲಿತ್ತು. ಎದುರುಬದುರು ಮಾಳಿಗೆಯಿಂದ ಕೈ ಚಾಚಿದ್ರೆ ಬೆರಳು ತಾಗಬೇಕು, ಅಷ್ಟು ಸಪೂರ ರಸ್ತೆ. ಒಣಮೀನು, ಹಳೇ ಬೆಲ್ಲದ ವಾಸನೆ. ಒಂದು ಗೋಡೆಯಲ್ಲಿ ನೆರೆ ಬಂದ ಎತ್ತರಕ್ಕೆ ಗೆರೆ ಎಳೆದಿದ್ದಾರೆ. ವಿಸ್ಮಿತಾ ಅದರ ಕೆಳಗೆ ನಿಂತು ಕೈ ಎತ್ತಿದ್ಲು. ಮುಟ್ಲಿಲ್ಲ.

"ನೀನು ಕುಳ್ಳಿ," ಅಂದೆ.

"ನೀನು ಮುಟ್ಟು ನೋಡುವ!"

ನಾನೂ ಮುಟ್ಲಿಲ್ಲ.

ಅಜ್ಜನ ಅಂಗಡಿಗೆ ಹಲಗೆ ಬಾಗಿಲು. ಒಂದೊಂದೇ ಹಲಗೆ ಸಂದಿನಲ್ಲಿ ಜಾರಿಸಿ ಹಾಕುದು, ಕಡೆಯ ಹಲಗೆಗೆ ಅಡ್ಡ ಕಬ್ಬಿಣದ ಪಟ್ಟಿ, ಅದಕ್ಕೆ ಬೀಗ. ಹೊರಗಿಂದ. ಇದು ನೆನಪಿಟ್ಟುಕೋ ಝುಬೈರ್... ಹೊರಗಿಂದ. ಹಲಗೆ ತೆಗೆದು ಗೋಡೆಗೆ ಒರಗಿಸಿಟ್ಟು ಒಳಗೆ ಹೋದೆವು. ತಂಪು. ಬಾವಿಯೊಳಗಿನ ಹಾಗೆ ತಂಪು. ಮೇಲೆ ಮರದ ಅಟ್ಟ, ಅದಕ್ಕೂ ನೆರೆಯ ಕೆಸರಿನ ಕಲೆ. ವಿಸ್ಮಿತಾ ಫೋಟೋ ತೆಗೀತಾ ಇದ್ಲು, ಕ್ಲಿಕ್, ಕ್ಲಿಕ್.

ಆಗ... ಸರ್ರ್... ಟಕ್.

ಒಂದು ಕಡೆಯ ಬೆಳಕು ಹೋಯ್ತು.

ಸರ್ರ್... ಟಕ್.

ಹಲಗೆ! ಹೊರಗಿಂದ ಯಾರೋ ಹಾಕ್ತಾ ಇದ್ದಾರೆ! "ಓಯ್, ಯಾರದು? ಒಳಗೆ ಜನ ಇದ್ದೇವೆ ಮಾರಾಯ್ರೆ!" ಬೊಬ್ಬೆ ಹೊಡೆದೆ. ಹೊರಗೆ ಬಿಸಿಲು ಕಾಣ್ತದೆ, ಜಾರುವ ಹಲಗೆ ಕಾಣ್ತದೆ... ಅದನ್ನು ಹಿಡಿದ ಕೈ ಕಾಣುದಿಲ್ಲ.

ವಿಸ್ಮಿತಾ ನನ್ನ ಅಂಗಿ ಎಳೆದ್ಲು. "ನಿತೇಶಣ್ಣ... ಹಲಗೆಯ ಒಳಬದಿ ನೋಡು." ಉಗುರಿನ ಗೆರೆ. ಕೆಳಗಿಂದ ಮೇಲೆ. ನೀರು ಏರಿದ ಹಾಗೆ ಗೆರೆಯೂ ಏರಿದೆ ಮಾರಾಯ, ಬಾಗಿಲ ಮೇಲಿನ ದಾರಂದದವರೆಗೆ! ಹೊಳೆಯ ಮೆಟ್ಟಿಲಲ್ಲಿ ಕಾಲು ಜಾರಿದವನು ಇಲ್ಲಿ ಹೇಗೆ ಪರಚುದು? ಹೇಳು!

ಅಷ್ಟರಲ್ಲಿ ಅಟ್ಟದಿಂದ... ಮೆಲ್ಲಗೆ...

"ಅಣ್ಣೆ ಬತ್ತೆನಾ?"

ಅಣ್ಣ ಬಂದನಾ ಅಂತ.

ವಿಸ್ಮಿತಾಳನ್ನು ಸಂದಿಯಿಂದ ಹೊರಗೆ ದೂಡಿದೆ. ನಾನು ಅಡ್ಡ ತಿರುಗಿ ನುಗ್ಗಿದೆ. ಇಲ್ಲೇ ನೋಡು ನಾನು ಕೆಟ್ಟದ್ದು. ಯಾರದ್ದೇ ಮನೆಯಿಂದ ಹೊರಡುವಾಗ ನಾವು ಎಂತ ಹೇಳ್ತೇವೆ? ಬಾಯಿಯ ಅಭ್ಯಾಸ! ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ, ಮೈಯೆಲ್ಲ ಬೆವರು... ಬಾಯಿ ತನ್ನಷ್ಟಕ್ಕೇ ಹೇಳಿತು.

"ಬರ್ತೇನೆ ಆಯ್ತಾ?"

ಆಗ ಕಿವಿಯ ಹತ್ರವೇ...

"ಅಣ್ಣೆಲಾ ಅಂಚನೇ ಪಂಡೆ."

ಅಣ್ಣನೂ ಹಾಗೇ ಹೇಳಿದ್ದ.

ಟಕ್. ಕಡೆಯ ಹಲಗೆ ಕೂತಿತು. ಬೀಗ ನಾನು ಹಾಕ್ಲಿಲ್ಲ, ಕೀ ನನ್ನ ಕಿಸೆಯಲ್ಲಿತ್ತು. ತಿರುಗಿ ನೋಡುವಾಗ ಬೀಗ ಬಿದ್ದಿತ್ತು.

ಮನೆಗೆ ಬಂದವನೇ ಕೀಯನ್ನು ಅಜ್ಜನ ಎದುರು ಬಿಸಾಡಿದೆ. ಅಜ್ಜನ ಮುಖ ನೋಡಿ ಬೊಬ್ಬೆ ಹೊಡೆದದ್ದು ನನ್ನ ಜನ್ಮದಲ್ಲಿ ಇದೇ ಮೊದಲು. "ಸಂಕಪ್ಪಜ್ಜನನ್ನು ಒಳಗೆ ಹಾಕಿ ಬೀಗ ಜಡಿದದ್ದು ನೀವಾ?"

ಅಜ್ಜ ಕೇಳಿದ್ದು ಒಂದೇ. "ಬರ್ತೇನೆ ಅಂದ್ಯಾ?"

"ನಾನು ಕೇಳಿದ್ದಕ್ಕೆ ಹೇಳಿ!"

"ನೀರು ಮೊಣಕಾಲಿಗೆ ಬಂದಿತ್ತು. ಕಳ್ಳರು ಬರ್ತಾರೆ ಅಂತ ಸುದ್ದಿ. ಮೂಟೆಯೆಲ್ಲ ಅಟ್ಟಕ್ಕೆ ಹಾಕು, ದೋಣಿ ತಗೊಂಡು ಈಗ ಬರ್ತೇನೆ ಅಂದೆ. ಬೀಗ ಹಾಕಿದೆ."

"ದೋಣಿ ಸಿಗ್ಲಿಲ್ವಾ?"

ಸಿಗ್ಲಿಲ್ಲ ಅನ್ಲಿ ಅಂತ ಕಾದೆ ಮಾರಾಯ. ದೇವರಾಣೆ ಕಾದೆ.

"ಸಿಕ್ಕಿತು," ಅಂದ್ರು. "ಮೊದಲು ಗೋಡೌನಿಗೆ ಹೋದೆ. ಅಲ್ಲಿ ಕಾಳುಮೆಣಸು ಇತ್ತು."

ಕಾಳುಮೆಣಸು! ಎಂತ ಸಾವು ಮಾರಾಯ! ತಮ್ಮ ಒಳಗೆ ಹಲಗೆ ಪರಚ್ತಾ ಇದ್ದಾನೆ, ಇವರು ಮೆಣಸಿನ ಮೂಟೆ ಹೇರ್ತಾ ಇದ್ದಾರೆ! ಆ ಮೆಣಸಿನಲ್ಲೇ ಈ ಮನೆ, ಈ ತೋಟ, ನನ್ನ ಶಾಲೆ... ನಾನು ಉಂಡ ಅನ್ನ! ಮತ್ತೆ ಆಟಿಯಲ್ಲಿ ಎಲೆ ಹಾಕಿ ಅಳುದು ಬೇರೆ! ಹೇಳಿದೆ, ಎಲ್ಲ ಹೇಳಿದೆ. ಅಮ್ಮ ಬಾಯಿ ಮುಚ್ಚಿಸ್ಲಿಕ್ಕೆ ಬಂದ್ರು, ನಾನು ಬಿಡ್ಲಿಲ್ಲ. ಅಜ್ಜ ಒಂದು ಮಾತಿಗೂ ಅಲ್ಲ ಅನ್ಲಿಲ್ಲ.

ಆಗ ನಮ್ಮ ಚಾವಡಿಯಲ್ಲಿ... ಸರ್ರ್... ಟಕ್.

ನಮ್ಮದು ತಾರಸಿ ಮನೆ, ನಿನಗೆ ಗೊತ್ತುಂಟಲ್ಲ. ಒಂದು ಹಲಗೆ ಇಲ್ಲ.

ಅಜ್ಜ ಎದ್ರು. ಶಾಲು ಹೊದ್ದುಕೊಂಡ್ರು. "ಕರ್ಕೊಂಡು ಹೋಗು ಮಗ," ಅಂದ್ರು. "ನನ್ನನ್ನು ಒಳಗೆ ಬಿಡು. ಹಲಗೆ ಹಾಕು. ನಾನು ಹೋಗದಿದ್ರೆ ಅವನು ನಿನ್ನ ಮಾತು ಹಿಡೀತಾನೆ. ನೀನು ಬರ್ತೇನೆ ಅಂದಿದ್ದೀ."

ಮುದಿ ಪ್ರಾಣ ಝುಬೈರ್. ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡುವ ಮನುಷ್ಯ. ಬಿಟ್ಟು ಬಂದ್ರೆ ಬೆಳಗ್ಗೆ ಎಂತ ಕಾಣ್ಲಿಕ್ಕೆ ಸಿಗ್ತದೆ ಅಂತ ನನಗೆ ಗೊತ್ತುಂಟು. ಬಿಡದಿದ್ರೆ... ಆ ಶಬ್ದ ಬಾವಿಯವರೆಗೆ ಬಂತು. ಸಿಟ್ಟು ಹೇಳ್ತದೆ, ಹಾಕು ಹಲಗೆ. ಆದ್ರೆ ನನ್ನನ್ನು ಹೆಗಲ ಮೇಲೆ ಕೂರಿಸಿ ಶಾಲೆಗೆ ಬಿಟ್ಟವರೂ ಅವರೇ ಅಲ್ವಾ? ಅದಕ್ಕೂ ಸಿಟ್ಟೇ ಬರ್ತದೆ!

ಅಗೋ, ಅಲ್ಲಿ ಮೋರಿಕಟ್ಟೆಯಲ್ಲಿ ಕೂತಿದ್ದಾರೆ ನೋಡು. ನಿನ್ನ ರಿಕ್ಷಾ ಕರೀಲಿಕ್ಕೆ ಅಂತ ಕಳ್ಸಿದ್ದು ಅವರೇ. ಲೈಟ್ ಹಾಕು... ಕಂಡಿತಾ? ಸುಳ್ಳು ಅಂತ ಈಗ ಹೇಳು. ಕಡುಬೇಸಿಗೆ ಇದು. ಒಂದು ಹನಿ ಮಳೆ ಇಲ್ಲ. ಬಾವಿ ದಾಟುವಾಗ ಅವರು ಅದರ ಹತ್ರ ಹೋಗ್ಲೇ ಇಲ್ಲ, ಮೋರಿಕಟ್ಟೆಯವರೆಗೆ ನಾನೇ ಜೊತೆಗಿದ್ದೆ.

ಎದೆಯವರೆಗೆ ಒದ್ದೆ.

ಹೇಳು ಮಾರಾಯ... ನನ್ನ ಜಾಗದಲ್ಲಿ ನೀನಿದ್ದಿದ್ರೆ ಎಂತ ಮಾಡ್ತಿದ್ದಿ?