ಬಟ್ಟೆ ಒಣಗುವ ಗೋದಾಮು

ಬಸ್ಸಿನಲ್ಲಿ ಮುಂದಿನ ಸೀಟಿನ ಇಬ್ಬರು ಹೆಂಗಸರ ಕೊರಳಲ್ಲೂ ಒಂದೇ ಕಚೇರಿಯ ಗುರುತಿನ ಚೀಟಿ ತೂಗುತ್ತಿತ್ತು. ಕಳ್ಳ ಹಣದ ಜಾಡು ಹಿಡಿಯುವುದು ಅವರ ಕೆಲಸವೆಂದು ಹಿಂದೆ ಕುಳಿತವಳಿಗೆ ಮಾತಿನಿಂದಲೇ ತಿಳಿಯಿತು. ಕಿರಿಯಳು ಕಿಟಕಿಯತ್ತ ಮುಖ ಮಾಡಿಕೊಂಡೇ ಹೇಳುತ್ತಿದ್ದಳು.

“ಫೈಲಲ್ಲಿ ಮರ ಮಾರೋ ಕಂಪನಿಯ ಗೋದಾಮು ಅಂತಿದೆ ಮೇಡಂ. ವಿಳಾಸ ನೋಡಿದ್ರೆ ನಮ್ಮಕ್ಕನ ಮನೆ ಮಹಡಿ. ಅಲ್ಲಿ ಅವಳು ಬಟ್ಟೆ ಒಣಗಾಕ್ತಾಳೆ. ಕಂಪನಿ ಭಾವನ ಹೆಸರಲ್ಲಿದೆ.”

“ನಿಮ್ಮ ಭಾವ ಮರ ಮಾರಿದ್ದೇ ಇಲ್ವಾ?”

“ಒಂದು ಹಲ್ಲುಕಡ್ಡೀನೂ ಮಾರಿಲ್ಲ. ಯಾರ್ಯಾರದೋ ಕಳ್ಳ ದುಡ್ಡು ಆ ಕಂಪನಿ ಹೆಸರಲ್ಲಿ ಹೊರದೇಶಕ್ಕೆ ಹೋಗ್ತಿದೆ.”

“ಹೇಳಿದ್ದು ಒಳ್ಳೇದಾಯ್ತು. ಆ ಫೈಲು ಇನ್ನು ನನ್ನ ಹತ್ರ ಇರ್ಲಿ. ನೀನು ಬಾಯಿ ಹೊಲ್ಕೊಂಡಿರು.”

“ಇವತ್ತು ಭಾವ ಅಕ್ಕನ್ನೂ ಕಂಪನಿಗೆ ಪಾಲುದಾರಳಾಗಿ ಸೇರಿಸ್ಕೊಳ್ತಿದ್ದಾರೆ. ಸಹಿ ಹಾಕಿದ್ರೆ ಅವಳೂ ಜೈಲಿಗೆ.”

“ನೀನು ಸುಳಿವು ಕೊಟ್ರೆ ನೀನು ಜೈಲಿಗೆ. ಅವನು ಪರಾರಿ.”

“ಸಹಿ ಹಾಕ್ಬೇಡ ಅಂತ ಅಷ್ಟೇ ಹೇಳಿದ್ರೆ?”

“ನಿನ್ನ ಕೆಲಸ ಏನು ಅಂತ ಅವನಿಗೆ ಗೊತ್ತಿಲ್ವೇನಮ್ಮ? ಅಷ್ಟೇ ಸಾಕಾಗುತ್ತೆ ಅವನಿಗೆ.”

ಕಿರಿಯಳ ಫೋನ್ ಹೊಡೆದುಕೊಂಡಿತು. ಪರದೆಯ ಮೇಲೆ ‘ಅಕ್ಕ’ ಎಂದಿತ್ತು. ಹಿರಿಯಳು ಅವಳ ಮಂಡಿಯ ಮೇಲೆ ಕೈಯಿಟ್ಟಳು.

“ಹೂಂ ಅಕ್ಕ... ಇಲ್ಲ, ಶೀತ ಆಗಿದೆ, ಅದಕ್ಕೇ ದನಿ ಹೀಗೆ... ಯಾವ ಬಟ್ಟೇನಾ? ಸಹಿ ಹಾಕೋಕೆ ಹೋಗೋದಕ್ಕೆ ತಾನೆ? ಆ ನೀಲಿ ಬಟ್ಟೆ ಹಾಕ್ಕೋ. ನಿನಗೆ ಒಪ್ಪುತ್ತೆ.”

ನಿಲ್ದಾಣ ಬಂತು. ಹಿರಿಯಳು ಇಬ್ಬರ ಚೀಲವನ್ನೂ ತಾನೇ ಎತ್ತಿಕೊಂಡು ಇಳಿದಳು. ಕಿರಿಯಳು, ಕರೆ ಮುಗಿದಿದ್ದರೂ ಫೋನನ್ನು ಕಿವಿಯಿಂದ ತೆಗೆಯದೆ, ಅವಳ ಹಿಂದೆ ನಡೆದಳು.