ರುದ್ರಾಣಿ ಮೇಡಂ ಅವರ ಮೊರ

ಸಭೆಯ ಅಧ್ಯಕ್ಷರಾದ ನಜೀರ್ ಸಾಹೇಬರೇ, ಇಂದು ನಮ್ಮಿಂದ ಬೀಳ್ಕೊಡುಗೆ ಸ್ವೀಕರಿಸುತ್ತಿರುವ ಡಾಕ್ಟರ್ ರುದ್ರಾಣಿ ಮೇಡಂ ಅವರೇ, ಕಳಸದಿಂದಲೂ ಗೋಣಿಬೀಡಿನಿಂದಲೂ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ಇಲ್ಲಾದರೂ ಕುರ್ಚಿ ಸಿಕ್ಕಿತೆಂದು ಕುಳಿತಿರುವ ಸಭಿಕರೇ,

ನನಗೆ ಕೊಟ್ಟಿರುವುದು ಐದು ನಿಮಿಷ. ನನ್ನ ನಂತರ ಮಾತನಾಡುವವಳು ನನ್ನ ಮಗಳು ಗಾನಶ್ರೀ. ಮೈಕಿನ ಮುಂದೆ ಅವಳಿಗಿದು ಮೊದಲ ಸಲ. “ಅಪ್ಪ, ನಂದನ್ನೂ ನೀನೇ ಹೇಳಿ ಮುಗಿಸ್ಬೇಡ” ಎಂದು ಬೆಳಿಗ್ಗೆಯೇ ಎಚ್ಚರಿಸಿದ್ದಾಳೆ.

ಮೇಡಂ ಮೂಡಿಗೆರೆಗೆ ಬಂದದ್ದು ತೊಂಬತ್ತೆರಡರಲ್ಲಿ. ಮಕ್ಕಳ ಮನಸ್ಸಿಗೆಂದೇ ಒಬ್ಬ ಡಾಕ್ಟರನ್ನು ನಾವು ಅದುವರೆಗೆ ಕಂಡಿರಲಿಲ್ಲ. ದನಕ್ಕೆ ಡಾಕ್ಟರಿದ್ದರು, ಕಾಫಿ ಗಿಡಕ್ಕೆ ಸಲಹೆಗಾರರಿದ್ದರು. ಮಗುವಿನ ಮನಸ್ಸಿಗೆ? ಬೆತ್ತವಿತ್ತು. “ಚುಚ್ಚೋದಿಲ್ಲ, ಗುಳಿಗೆ ಕೊಡೋದಿಲ್ಲ, ಅದೆಂಥ ಡಾಕ್ಟ್ರು ಮಾರಾಯ?” ಎಂದು ಪಕ್ಕದ ಮನೆಯ ಅಂಜನಮ್ಮ ನನ್ನನ್ನು ಕೇಳಿದ್ದರು.

ಮೇಡಂ ಅವರ ಕೋಣೆಯಲ್ಲಿದ್ದದ್ದು ಒಂದು ಚಾಪೆ, ಒಂದು ಮೊರ, ಮೊರದ ತುಂಬ ಕಾಫಿ ಬೀಜ. ಮಗುವನ್ನು ಪಕ್ಕಕ್ಕೆ ಕೂರಿಸಿಕೊಂಡು ಕೆಟ್ಟ ಬೀಜ ಆರಿಸುತ್ತಿದ್ದರು. ಕೇಳುವುದೇನಿದ್ದರೂ ಬಾಗಿಲಲ್ಲೇ, ಚಾಪೆಯ ಮೇಲೆ ಒಂದು ಪ್ರಶ್ನೆಯೂ ಇಲ್ಲ. ಕೈಗೆ ಕೆಲಸ, ಕಣ್ಣು ಮೊರದ ಮೇಲೆ. ಯಾರ ಮುಖವನ್ನೂ ನೋಡಬೇಕಿಲ್ಲದ ಮಗು ತಾನಾಗಿ ಬಾಯಿ ಬಿಡುತ್ತಿತ್ತು. ಇಂದು ನಮ್ಮ ಸುತ್ತಿನ ಎಷ್ಟೋ ಶಾಲೆಗಳ ಗೋಡೆಯಲ್ಲಿ ಬೆತ್ತವಿದ್ದ ಮೊಳೆಗೆ ಮೊರ ತೂಗುತ್ತಿದೆ.

ತೊಂಬತ್ತನಾಲ್ಕರಲ್ಲಿ ನಾನೂ ಹೋದೆ. ನಾನು ತೋಟದ ರೈಟರು, ಎಂದರೆ ಆಳುಗಳ ಹಾಜರಿ ಬರೆಯುವವನು. ಮಗಳಿಗೆ ಏಳು ವರ್ಷ. ಹೆಸರಿಗೆ ಗಾನಶ್ರೀ, ಊರಿಗೆಲ್ಲ ಮೌನಶ್ರೀ. ಬಾಯಿ ಬಿಡದಿದ್ದರೆ ಮುಂದಿನ ವರ್ಷ ಇಟ್ಟುಕೊಳ್ಳುವುದಿಲ್ಲವೆಂದು ಶಾಲೆಯವರು ಹೇಳಿಯಾಗಿತ್ತು. ಅದರ ಹಿಂದಿನ ಮಳೆಗಾಲದಲ್ಲಿ ನನ್ನ ಪತ್ನಿ ಪ್ರೇಮಕುಮಾರಿ ತೀರಿಕೊಂಡಿದ್ದಳು. ಅದು ಬೇರೆ ವಿಷಯ. ಮನೆ ಬಿಕೋ ಎನ್ನಬಾರದೆಂದು ನಾನು ಅನ್ನಕ್ಕೊಂದು ಪ್ರಾಸ, ಸಾರಿಗೊಂದು ಪ್ರಾಸ ಕಟ್ಟುತ್ತ ಇಡೀ ದಿನ ಮಾತನಾಡುತ್ತಿದ್ದೆ.

ಬಾಗಿಲಲ್ಲಿ ಮೇಡಂ ಕೇಳಿದರು: “ನಿನ್ನ ಹೆಸ್ರೇನು ಪುಟ್ಟಿ?” ನಾನು ಹೇಳಿದೆ. “ನೀರು ಬೇಕಾ?” “ಬೇಡ ಮೇಡಂ, ಈಗಷ್ಟೇ ಕುಡಿದ್ಲು” ಎಂದೆ.

“ರೈಟರ್ರೇ, ಈ ಮೊರ ನೀವೇ ತಗೊಂಡು ಹೋಗಿ. ದಿನಾ ಸಂಜೆ ಇಬ್ರೂ ಕೂತು ಆರಿಸಿ. ಅವಳು ಮಾತಾಡೋ ತನಕ ನಿಮ್ಮ ಬಾಯಿ ಬಂದ್.”

ಸಭಿಕರೇ, ಮಗುವನ್ನು ತೋರಿಸಲು ಹೋದ ಅಪ್ಪನಿಗೆ ಪಥ್ಯ! ಇದು ಯಾವ ಊರಿನ ವೈದ್ಯ?

ಆರಿಸಿದೆವು. ಎಷ್ಟೋ ಸಂಜೆಗಳು ಹಾಗೆಯೇ ಹೋದವು. ಒಂದು ದಿನ ಅವಳು ಒಂದು ಬೀಜ ಎತ್ತಿ ಹಿಡಿದಳು. “ಅಪ್ಪ, ಇದಕ್ಕೆ ಹುಳ ಬಿದ್ದಿದೆ.” ನನ್ನ ನಾಲಿಗೆಯ ತುದಿಯಲ್ಲಿ ಪ್ರಾಸ ಸಿದ್ಧವಾಗಿತ್ತು. ನುಂಗಿಕೊಂಡೆ. ಬಹಳ ಹೊತ್ತಿನ ಮೇಲೆ, ಮೊರವನ್ನೇ ನೋಡುತ್ತ ಅಂದಳು: “ಅಮ್ಮನ ಸುದ್ದಿ ತೆಗಿಯೋಣ ಅಂದ್ರೆ ನೀನು ಹಾಡು ಶುರು ಮಾಡ್ತೀಯ.”

ಆ ಸಂಜೆ ನಾನು ಒಳ್ಳೆಯ ಬೀಜಗಳನ್ನೇ ಆರಿಸಿ ಆರಿಸಿ ಎಸೆಯುತ್ತಿದ್ದೆನೆಂದು ಅವಳು ಈಗಲೂ ನಗುತ್ತಾಳೆ. ಇರಬಹುದು. ಬೆಳಕು ಕಡಿಮೆಯಿತ್ತು.

ಮೇಡಂ ಅವರ ಮೇಲೆ ನಾಲ್ಕು ಸಾಲು ಕಟ್ಟಿ ತಂದಿದ್ದೇನೆ:

ಗುಳಿಗೆ ಕೊಡಲಿಲ್ಲ, ಸೂಜಿ ಹಿಡಿಯಲಿಲ್ಲ,
ಗದರಿ ಗುಮ್ಮನ ತೋರಿ ನುಡಿಯಲಿಲ್ಲ,
ಮಗು ತಾನೇ ಬಾಯ್ತೆರೆವ ಹೊತ್ತಿನವರೆಗೆ...

ನಾಲ್ಕನೆಯ ಸಾಲೂ ಇದೆ, ಪ್ರಾಸವೂ ಕೂಡಿದೆ. ಆದರೆ ಗಾನಶ್ರೀ ಎದ್ದು ನಿಂತಿದ್ದಾಳೆ. ಹೇಳುವುದಿಲ್ಲ.

ಮೇಡಂ ಅವರಿಗೆ, ಕರೆದವರಿಗೆ, ಕೇಳಿದವರಿಗೆ ನನ್ನ ವಂದನೆ. ಬಾ ಮಗಳೇ. ನಮಸ್ಕಾರ.