ವರ್ನಾಳ ಕೋಳಿ ನೂಡಲ್ಸು

ಥೂ! ಮುಚ್ಚು ಹಾರ್ಲನ್, ಆ ಫ್ರಿಜ್ಜಿನ ಬಾಗ್ಲು ಮುಚ್ಚು... ಬೇಡ, ತೆಗಿ, ನಾನೇ ಎಲ್ಲಾ ಎತ್ತಿ ಬಿಸಾಕ್ತೀನಿ. ನೀನು ಕೂತ್ಕೋ. ವರ್ನಾನ ಮಣ್ಣು ಮಾಡಿ ಮೂರು ವಾರ ಆಯ್ತು. ಹೆಂಡ್ತಿ ಸತ್ತ ಗಂಡಸು ಉಪವಾಸ ಬೀಳ್ತಾನೆ ಅಂತ ಚರ್ಚಿನ ಹೆಂಗಸರೆಲ್ಲ ತಂದು ತುರುಕಿದ್ದಾರಲ್ಲ, ಇದು ಊಟಾನಾ? ನಾಯೀನೂ ಮೂಸಲ್ಲ!

ಇದು ಯಾರ್ದು? ತಡಿ, ತಳದಲ್ಲಿ ಹೆಸರು ಅಂಟಿಸಿರ್ತಾರೆ... ಟ್ವೈಲಾ! ನಂಗೊತ್ತಿತ್ತು. ಟ್ಯೂನಾ ಮೀನು, ಡಬ್ಬಿ ಸೂಪು, ಮೇಲೆ ಪುಡಿ ಮಾಡಿದ ಚಿಪ್ಸು. ನೆಂದು ನೆಂದು ಒದ್ದೆ ರಟ್ಟಾಗಿದೆ. ಛೀ! ಅದೂ ಗಾಜಿನ ಪಾತ್ರೇಲಿ ಬೇರೆ. ಬಿಸಾಕೋ ತಗಡಿನ ತಟ್ಟೇಲಿ ತಂದಿದ್ರೆ ಆಗ್ತಿರ್ಲಿಲ್ವಾ? ಆಗಲ್ಲ. ಗಾಜಿಂದಾದ್ರೆ ನೀನು ತೊಳೆದು ಅವಳ ಮನೆಗೆ ಹೋಗಿ ವಾಪಸ್ ಕೊಡ್ಬೇಕು. ಅವಳು ಒಳಗೆ ಬಾ ಅನ್ಬೇಕು. ಕಾಫಿ ಕೊಡ್ಬೇಕು. ಗೊತ್ತಾಯ್ತಾ?

ಯಾಕೆ ನಗ್ತೀಯ? ನಾನು ತಂದ ಪಾತ್ರೆ ಯಾಕೆ ನೋಡ್ತೀಯ? ಹೌದು, ಇದೂ ಗಾಜೇ... ಮನೇಲಿ ಬೇರೆ ಇರ್ಲಿಲ್ಲ ಮಾರಾಯ!

ಇದು ಜೆನೀವಳ್ದು. ಹಸಿರು ಜೆಲ್ಲಿ, ಒಳಗೆ ತುರಿದ ಕ್ಯಾರೆಟ್ಟು. ಮುಟ್ಟಿದ್ರೆ ನಡುಗುತ್ತೆ, ಥೂ! ಅವಳ ಗಂಡ ಹೋದ ಮೇಲೆ ಇದೇ ಜೆಲ್ಲಿ ಹಿಡ್ಕೊಂಡು ಊರಲ್ಲಿರೋ ಒಂಟಿ ಗಂಡಸರ ಬಾಗ್ಲೆಲ್ಲ ತಟ್ಟಿದಾಳೆ. ಉರಿಯೋ ಮನೇಲಿ ಗಳ ಹಿರಿಯೋ ಜನ! ಅಸಹ್ಯ ಆಗುತ್ತೆ ನಂಗೆ, ನಿಜವಾಗ್ಲೂ ಅಸಹ್ಯ.

ಏನು, ನನ್ನ ಮುಖಾನೇ ನೋಡ್ತಿದೀಯ? ತುಟಿ ಬಣ್ಣಾನಾ? ಗಾಳಿಗೆ ತುಟಿ ಒಡೆದಿತ್ತು, ಅದಕ್ಕೆ... ನನ್ನ ಅವರ ಜೊತೆ ಸೇರಿಸ್ಬೇಡ. ನಿಮ್ಮ ಮದುವೆ ದಿನ ವರ್ನಾ ಪಕ್ಕದಲ್ಲಿ ಅವಳ ಗೆಳತಿಯಾಗಿ ಹೂಗುಚ್ಛ ಹಿಡ್ಕೊಂಡು ನಿಂತಿದ್ದು ಯಾರು? ಈ ಆರ್ಡಿಸ್ ತಾನೇ!

ತಗೋ ತಟ್ಟೆ. ಹಿಸುಕಿದ ಆಲೂಗಡ್ಡೆ ಮೇಲೆ ಕೋಳಿ ನೂಡಲ್ಸು. ಭಾನುವಾರ ಭಾನುವಾರ ವರ್ನಾ ಮಾಡ್ತಿದ್ಳಲ್ಲ, ಅದೇ. ಹಿಟ್ಟು ಕಲಸಿ ಲಟ್ಟಿಸಿ ಕತ್ತರಿಸಿದ್ದು ಎಲ್ಲಾ ನಾನೇ. ಇಡೀ ಅಯೋವಾ ರಾಜ್ಯ ಹುಡುಕು, ಹೀಗೆ ಮಾಡೋರು ಸಿಗಲ್ಲ. ವರ್ನಾನೇ ಹೇಳಿಕೊಟ್ಟಿದ್ದು, ಇದೇ ಮೇಜಿನ ಹತ್ರ ಕೂತು. ಬೇರೆಯವರು ಕೇಳಿದ್ರೂ ಹೇಳೋಳು ಬಿಡು... ಹಾಕೋದ್ರಲ್ಲಿ ಏನಾದ್ರೂ ಒಂದು ಬಿಟ್ಟು ಹೇಳೋಳು! ನಮ್ಮೂರ ಹೆಂಗಸರೇ ಹಾಗಲ್ವಾ, ಕೇಳಿದೋರಿಗೆ ಇಲ್ಲ ಅನ್ನಲ್ಲ, ಪೂರ್ತೀನೂ ಕೊಡಲ್ಲ. ಟ್ವೈಲಾ ಎಷ್ಟು ಸಲ ಮಾಡಿದ್ರೂ ಅಂಟಂಟು ಗಂಜಿ. ನಂಗೆ ಮಾತ್ರ ಪೂರ್ತಿ ಹೇಳಿದ್ಳು. ನೀನು ನನ್ನ ತಂಗಿ ಇದ್ದ ಹಾಗೆ ಅಂದಿದ್ಳು.

ತಿನ್ನು. ಹ್ಞಾ... ಹೇಗಿದೆ?

ಹಾರ್ಲನ್?

ಉಪ್ಪು ಕಮ್ಮಿನಾ? ಯಾಕೆ ಫೋರ್ಕು ಕೆಳಗಿಟ್ಟೆ? ಇನ್ನೊಂದು ತುತ್ತು ತಿನ್ನು, ಮೊದಲನೇ ತುತ್ತಿಗೆ ಗೊತ್ತಾಗಲ್ಲ. ಅವಳು ಮಾಡಿದ ಹಾಗೇ ಇದೆ. ಇದೆ ತಾನೇ?

...ಇಲ್ವಾ?

ಏನಿಲ್ಲ ಇದ್ರಲ್ಲಿ? ಏನು ಹಾಕ್ತಿದ್ಳು ಅವಳು? ನಿಂಗೆ ಗೊತ್ತು, ನಿನ್ನ ಮುಖಾನೇ ಹೇಳ್ತಿದೆ...

ನಂಗೂ ಬಿಟ್ಟು ಹೇಳಿದ್ಳಾ? ನಂಗೂ? ನನ್ನ ಕೈ ಹಿಡ್ಕೊಂಡು ತಂಗಿ ಅಂತ ಅಂದೋಳು! ಥೂ... ಯಾಕೆ? ನಾನೇನು ಮಾಡಿದ್ದೆ ಅವಳಿಗೆ? ಇಷ್ಟು ವರ್ಷದಲ್ಲಿ ನಿನ್ನ ಹತ್ರ ಒಂದು ಮಾತು ಆಡಿದೀನಾ? ಬಾಯಿಬಿಟ್ಟು ಒಂದೇ ಒಂದು ಮಾತು? ಯಾರಿಗೂ ಗೊತ್ತಾಗದ ಹಾಗೆ ಮನಸ್ಸಿನ ಒಳಗೇ ಇಟ್ಕೊಂಡಿದ್ದೆ, ನಾನು...

ತಲೆ ತಗ್ಗಿಸ್ಬೇಡ ಹಾರ್ಲನ್.

ಅವಳಿಗೆ ಗೊತ್ತಿತ್ತು. ಅಲ್ವಾ? ನಿಂಗೂ ಹೇಳಿದ್ಳು.

ಇಬ್ರೂ ಕೂತು ನಕ್ಕಿರಾ? ನಗಲಿಲ್ಲ ಅಂತಾದ್ರೂ ಹೇಳು.